ನಂಜಪ್ಪನ ಚರ್ಮದ ಹೆಲ್ಮೆಟ್

ಹೋರಿ ಕೊಳ್ಳುವವನು ಮೊದಲು ಹಲ್ಲು ನೋಡುತ್ತಾನೆ. ಹೆಲ್ಮೆಟ್ಟಿಗೆ ಹಲ್ಲಿಲ್ಲವಾದ್ದರಿಂದ ದೊಡ್ಡನೆಕ್ಕುಂದಿಯ ನಂಜಪ್ಪ ಅದನ್ನು ಬೋರಲು ಹಾಕಿ, ಹೊಲಿಗೆ ಹಿಡಿದು ಜಗ್ಗಿ, ಬೆರಳ ಗೆಣ್ಣಿನಿಂದ ಕುಟ್ಟಿ ಸದ್ದು ಕೇಳಿ, ಕೊನೆಗೆ ಮೂಗಿನ ಹತ್ತಿರ ತಂದು ಮೂಸಿದ.

ಪೀಣ್ಯದ ಆ ಅಂಗಡಿಯಲ್ಲಿ ಬೆಂಕಿ ಆರಿಸುವವರ ಸಾಮಾನು ಬಿಟ್ಟು ಬೇರೇನೂ ಮಾರುತ್ತಿರಲಿಲ್ಲ. ಗೋಡೆಯ ಉದ್ದಕ್ಕೂ ಹಳದಿ ಪ್ಲಾಸ್ಟಿಕ್ ಹೆಲ್ಮೆಟ್‌ಗಳು ಸಂತೆಯ ಕುಂಬಳಕಾಯಿಗಳ ಹಾಗೆ ಸಾಲಾಗಿದ್ದವು. ಚರ್ಮದ್ದು ಒಂದೇ ಒಂದು. ಯಾವುದೋ ಹೊರದೇಶದ ಗಿರಾಕಿ ಬೇಡವೆಂದದ್ದಕ್ಕೆ ಅಂಗಡಿಯ ಅಂಬರೀಶ್ ಅದನ್ನು ಗಾಜಿನ ಕಪಾಟಿನಲ್ಲಿ ಚೆಂದಕ್ಕೆ ಇಟ್ಟುಕೊಂಡಿದ್ದ. ಕರಿ ಎಮ್ಮೆಯ ಬೆನ್ನಿನ ಹಾಗೆ ಮಿರಮಿರ ಮಿಂಚುವ ಮೈ, ಹಿಂದುಗಡೆ ಕತ್ತು ಮುಚ್ಚುವಷ್ಟು ಉದ್ದದ ಅಂಚು, ಮುಂದೆ ನೆತ್ತಿಯ ಮೇಲೆ ರೆಕ್ಕೆ ಬಿಚ್ಚಿ ಕೂತ ಹಿತ್ತಾಳೆಯ ಹಕ್ಕಿ.

"ಹಳೇ ಕಾಲದ ಮಾದರಿ ಸಾರ್," ಅಂಬರೀಶ್ ಹೇಳಿದ. "ಹೊರದೇಶದಲ್ಲಿ ದೊಡ್ಡ ದೊಡ್ಡ ಬೆಂಕಿ ಆರಿಸಿದವರು ಇದನ್ನೇ ಹಾಕ್ಕೊಳ್ಳೋದು. ಪ್ಲಾಸ್ಟಿಕ್ ಬಿಸಿಲಿಗೆ ಬಿರೀತದೆ. ಇದು ಹಾಕ್ಕೊಂಡಷ್ಟೂ ಪಳಗ್ತದೆ."

"ಪಳಗ್ತದೆ," ಎಂದು ನಂಜಪ್ಪ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸಿದ.

ಅವನ ಜೊತೆ ಬಂದಿದ್ದವರು ಇಬ್ಬರು. ಒಬ್ಬಳು ಸೌಮ್ಯಾ, ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದ ಕಂಪನಿಯೊಂದರ ಸುರಕ್ಷತೆಯ ಅಧಿಕಾರಿ. ಇನ್ನೊಬ್ಬ ನಂಜಪ್ಪನ ಹೆಂಡತಿಯ ತಮ್ಮ ವೆಂಕಟೇಶಪ್ಪ. ಹೋದ ಬೇಸಿಗೆಯಲ್ಲಿ ವೆಂಕಟೇಶಪ್ಪನ ಹಾಸಿಗೆ ಗೋಡೌನಿಗೆ ಬೆಂಕಿ ಬಿದ್ದಾಗ ಫೈರ್ ಇಂಜಿನ್ ಬಂತು. ಬಂದದ್ದು ಓಣಿಯ ತಿರುವಿನಲ್ಲಿ ನಿಂತ ಬೈಕುಗಳ ಮುಂದೆ ಗಂಟೆ ಹೊಡೆಯುತ್ತ ನಿಂತುಬಿಟ್ಟಿತು. ನಂಜಪ್ಪ ಬಾಡಿಗೆ ಹುಡುಗರಿಗಾಗಿ ನಡೆಸುವ ಪಿ.ಜಿ.ಗೆ ನೀರು ತಂದಿದ್ದ ಟ್ಯಾಂಕರು ಮಾತ್ರ ಆಗಲೇ ಓಣಿಯೊಳಗಿತ್ತು. ನಂಜಪ್ಪ ಅದರ ಪೈಪನ್ನು ಅತ್ತ ತಿರುಗಿಸಿ, ಪಿ.ಜಿ. ಹುಡುಗರನ್ನೆಲ್ಲ ಕೂಗಿ ಬಕೆಟ್ ಹಿಡಿಸಿ, ಅರ್ಧ ಗೋಡೌನು ಉಳಿಸಿದ. ಅಂದಿನಿಂದ ಊರು ಅವನನ್ನು ಕ್ಯಾಪ್ಟನ್ ಎನ್ನತೊಡಗಿತು. ಕಂಪನಿಯವರು ಊರಿಗೊಂದು ಬೆಂಕಿ ಪಡೆ ಕಟ್ಟಿಕೊಡುತ್ತೇವೆ, ಸಾಮಾನೆಲ್ಲ ನಮ್ಮದು ಎಂದು ಮುಂದೆ ಬಂದರು.

ನಂಜಪ್ಪನಿಗೆ ಇದು ಸಣ್ಣ ಮಾತಲ್ಲ. ಅವನ ಅಪ್ಪನ ಕಾಲದಲ್ಲಿ ಕೆರೆಯ ತೂಬು ಎತ್ತುವುದು ಯಾವ ದಿನ ಎಂದು ಕೇಳಲು ಜನ ಅವರ ಜಗಲಿಗೆ ಬರುತ್ತಿದ್ದರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಪಿ.ಜಿ. ಎದ್ದ ಮೇಲೆ ಅವನನ್ನು ಯಾರಾದರೂ ಏನಾದರೂ ಕೇಳಿದರೆ ಅದು ಗೀಸರ್ ರಿಪೇರಿಯ ವಿಷಯ. ಮೀಸೆ ನರೆತ ಮೇಲೆ ಊರು ಮತ್ತೆ ಅವನ ಮಾತಿಗೆ ಕಾಯುವಂತಾಗಿತ್ತು. ಅದನ್ನು ಕಳೆದುಕೊಳ್ಳಲು ಅವನು ತಯಾರಿರಲಿಲ್ಲ.

ವೆಂಕಟೇಶಪ್ಪನಿಗೆ ಇದೇ ಸಂಕಟ. "ಸುಟ್ಟೋಗಿದ್ದು ನನ್ನ ಗೋಡೌನು. ಕ್ಯಾಪ್ಟನ್ ಆಗಿದ್ದು ಭಾವ," ಎಂದು ಅವನು ಟೀ ಅಂಗಡಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

"ಅಂಕಲ್, ಇದು ಭಾರ ಜಾಸ್ತಿ," ಎಂದಳು ಸೌಮ್ಯಾ. "ಎಲ್ಲರ ಹಾಗೆ ಹಳದೀದೇ ತಗೊಳ್ಳಿ. ಶನಿವಾರ ಫೈರ್ ಸ್ಟೇಷನ್ ಆಫೀಸರ್ ಬರ್ತಾರೆ. ಡ್ರಿಲ್ ನೋಡಿ ಕ್ಯಾಪ್ಟನ್ ಯಾರು ಅಂತ ಅವರು ಒಪ್ಪಬೇಕು."

"ಒಪ್ಪಲಿಲ್ಲ ಅಂದ್ರೆ ಮೇಡಂ?" ವೆಂಕಟೇಶಪ್ಪ ಬಲು ಮುಗ್ಧನಾಗಿ ಕೇಳಿದ.

"ಬೇರೆಯವರನ್ನ ಆರಿಸ್ತಾರೆ."

"ಕ್ಯಾಪ್ಟನ್ ಅಂದ್ಮ್ಯಾಲೆ ದೂರದಿಂದ್ಲೇ ಗೊತ್ತಾಗ್ಬೇಕು ಕಣಮ್ಮ," ಎಂದ ನಂಜಪ್ಪ. "ಕುಂಬಳಕಾಯಿ ರಾಶೀಲಿ ಇನ್ನೊಂದು ಕುಂಬಳಕಾಯಿ ಆದ್ರೆ ಯಾರು ಮಾತು ಕೇಳ್ತಾರೆ?"

"ಭಾವ, ಅದು ಚರ್ಮ," ವೆಂಕಟೇಶಪ್ಪ ಪಿಸುಗುಟ್ಟಿದ. "ಅಕ್ಕ ಒಳೀಕೆ ಬಿಟ್ಕೊಳ್ಳಾಕಿಲ್ಲ."

"ನಿಮ್ಮಕ್ಕಂಗೆ ನಾನು ಹೇಳ್ಕೊಂತೀನಿ ಬಾ."

ಹಳದಿಯವು ತಲೆಗೊಂದರಂತೆ ಮೂಟೆಗೆ ಬಿದ್ದವು. ನಂಜಪ್ಪನ ಪಾಲಿನದನ್ನು ಅಂಬರೀಶ್ ವಾಪಸ್ಸು ಗೋಡೆಯ ಸಾಲಿಗಿಟ್ಟು, ಚರ್ಮದ್ದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಒಗ್ಗದಿದ್ದರೆ ಹಾಗೆಯೇ ತಂದು ಬದಲಾಯಿಸಿಕೊಳ್ಳಿ, ಗೀರು ಕಲೆ ಆಗಿರಬಾರದು ಅಷ್ಟೆ, ಎಂದ.

ನಂಜಪ್ಪನ ಹೆಂಡತಿ ಪಿಳ್ಳಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಪೀಣ್ಯದಿಂದ ಸುದ್ದಿ ಫೋನಿನಲ್ಲಿ ಮೊದಲೇ ಮನೆ ಮುಟ್ಟಿತ್ತು. ತಮ್ಮ ಅಂದಮೇಲೆ ಇಷ್ಟೂ ಉಪಕಾರ ಮಾಡದಿದ್ದರೆ ಹೇಗೆ?

"ಕಾಲಾಗೆ ಇರ್ಬೇಕಾದ್ದು ತಲೆ ಮ್ಯಾಲೆ ಕುಂತ್ಕೊಳ್ಳಾಕೆ ಬಂದೈತಲ್ಲ," ಎಂದಳು.

"ಇದು ಬ್ಯಾರೆ ಚರ್ಮ ಕಣೇ. ಬೆಂಕಿ ತಡಿಯೋ ಚರ್ಮ."

"ದನದ್ದಲ್ವಾ?"

"ದನದ್ದೇ."

"ಬೆಂಕಿ ತಡೀತೀನಿ ಅಂತ ದನಕ್ಕೆ ಗೊತ್ತಿತ್ತಾ?"

ಪಿಳ್ಳಮ್ಮ ಚಪ್ಪಲಿ ಬಿಡುವ ಜಾಗ ತೋರಿಸಿದಳು. ನಂಜಪ್ಪ ಪೆಚ್ಚಾಗಿ, ಸುತ್ತಿದ್ದ ಬಟ್ಟೆ ಬಿಚ್ಚಿ, ಪಿ.ಜಿ. ಹುಡುಗರ ಬೂಟುಗಳ ನಡುವೆ ಹೆಲ್ಮೆಟ್ ಇಡಲು ಬಗ್ಗಿದ. ಸಂಜೆಯ ಬಿಸಿಲು ಹಿತ್ತಾಳೆಯ ಹಕ್ಕಿಯ ಮೇಲೆ ಬಿತ್ತು.

"ತಡಿ ತಡಿ," ಪಿಳ್ಳಮ್ಮ ಕೈ ಅಡ್ಡ ಮಾಡಿದಳು. "ಅದೇನದು, ಗರುಡ?"

ಅವರ ಮನೆದೇವರು ವೆಂಕಟರಮಣಸ್ವಾಮಿ. ಸ್ವಾಮಿಯನ್ನು ಹೊತ್ತು ತಿರುಗುವವನನ್ನು ಬೂಟುಗಳ ನಡುವೆ ಇಡುವುದುಂಟೆ? ಹಾಗೆಂದು ಚರ್ಮವನ್ನು ಹೊಸ್ತಿಲು ದಾಟಿಸುವುದುಂಟೆ? ನಂಜಪ್ಪನಿಗೆ ಅದು ಯಾವ ದೇಶದ ಯಾವ ಹಕ್ಕಿ ಎಂಬುದು ಗೊತ್ತಿರಲಿಲ್ಲ. ಆದರೆ ತನಗೆ ಅನುಕೂಲವಾದದ್ದನ್ನು ಅಲ್ಲಗಳೆಯುವಷ್ಟು ದಡ್ಡ ಅವನಲ್ಲ. "ಗರುಡನೇ," ಎಂದ.

ಗಂಡ ಹೆಂಡತಿ ಹೆಲ್ಮೆಟ್ ಹಿಡಿದು ಮನೆಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಸಂಪಿನ ಮುಚ್ಚಳದ ಮೇಲೆ ಜನ ಕಾಲಿಡುತ್ತಾರೆ. ತುಳಸಿ ಕಟ್ಟೆಯ ಹತ್ತಿರ ಚರ್ಮ ಸುಳಿಯುವಂತಿಲ್ಲ. ಕೊನೆಗೆ ಗೇಟಿನ ಕಂಬದ ತಲೆ ಒಪ್ಪಿಗೆಯಾಯಿತು. ಒಳಗೂ ಅಲ್ಲ, ಹೊರಗೂ ಅಲ್ಲ, ಕಾಲಿಗೂ ಸಿಗುವುದಿಲ್ಲ. ಮರುದಿನದಿಂದ ಪಿಳ್ಳಮ್ಮ ಪೂಜೆ ಮುಗಿಸಿ ಹೊಸ್ತಿಲಲ್ಲೇ ನಿಂತು ಅದರತ್ತ ಒಂದು ಕಣಗಿಲೆ ಹೂ ಎಸೆಯತೊಡಗಿದಳು. ಗುರಿ ತಪ್ಪಿದರೆ ಇನ್ನೊಂದು. ಪಿ.ಜಿ.ಯ ಒಡಿಶಾ ಹುಡುಗನೊಬ್ಬ ಆಫೀಸಿಗೆ ಹೊರಡುವಾಗ ಕಂಬಕ್ಕೆ ಕೈ ಮುಗಿದು ಕ್ಯಾಬ್ ಹತ್ತಿದ.

ಆದರೆ ಹೆಲ್ಮೆಟ್ ಕಚ್ಚುತ್ತಿತ್ತು. ಸ್ವಲ್ಪ ಹೊತ್ತು ಹಾಕಿದರೆ ಸಾಕು, ಹಣೆಯ ಸುತ್ತ ಎತ್ತಿನ ನೊಗದ ಬಾಸುಂಡೆಯಂಥ ಗೆರೆ. ಹಾಗೆಂದು ಹಳದಿಗೆ ಬದಲಾಯಿಸಿದರೆ ವೆಂಕಟೇಶಪ್ಪ ಟೀ ಅಂಗಡಿಯಲ್ಲಿ ಸಕ್ಕರೆ ಹಂಚುತ್ತಾನೆ.

ನೀರಿನ ಟ್ಯಾಂಕರ್ ಓಡಿಸುವ ಯಮನೂರ ಕೊಪ್ಪಳದ ಕಡೆಯವನು. ಕಾಲಲ್ಲಿ ಸದಾ ಕಿರುಗುಟ್ಟುವ ದಪ್ಪ ಚರ್ಮದ ಮೆಟ್ಟು. ಅವನು ನಂಜಪ್ಪನ ಹಣೆ ನೋಡಿ ನಕ್ಕ.

"ಹೊಸಾ ಚರ್ಮ ಕಡೀಲಾರ್ದ ಮುದ್ದ ಮಾಡ್ತೈತೇನ್ರಿ ಯಜಮಾನ್ರ? ಎಣ್ಣಿ ಕುಡಿಸ್ರಿ. ನನ್ನ ಮೆಟ್ಟಿಗೆ ನಾ ಹಂಗ ಮಾಡೀನಿ."

ಇದು ಗೊತ್ತಿಲ್ಲದ ವಿದ್ಯೆಯೇನಲ್ಲ. ನಂಜಪ್ಪನ ಮದುವೆಗೆ ಹೊಲಿಸಿದ ಮೆಟ್ಟಿಗೆ ಅವನ ಅಪ್ಪ ಹರಳೆಣ್ಣೆ ಸವರಿ ಬಿಸಿಲಿಗಿಟ್ಟಿದ್ದು ಅವನ ಕಣ್ಣಿಗೆ ಕಟ್ಟಿದಂತಿತ್ತು. ತನಗೇ ಮೊದಲು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಪಿಳ್ಳಮ್ಮ ಹರಳೆಣ್ಣೆಯ ಸೀಸೆ ತಂದು, ಮುಟ್ಟದೆ, ಮೇಲಿನಿಂದ ಸಣ್ಣ ಧಾರೆಯಾಗಿ ಬಿಟ್ಟಳು. ನಂಜಪ್ಪ ಅಂಗೈಯಲ್ಲಿ ತಿಕ್ಕಿದ. ಹಾದು ಹೋದ ವೆಂಕಟೇಶಪ್ಪ ಕೂಡ ನಿಂತು, "ಹೊಲಿಗೆ ಸಂದೀಗೆ ವಸಿ ಜಾಸ್ತಿ ಬಿಡಕ್ಕ, ಅಲ್ಲೇ ಕಚ್ಚೋದು," ಎಂದು ಮನಸ್ಸಿಟ್ಟು ಸಲಹೆ ಕೊಟ್ಟ. ಶನಿವಾರದವರೆಗೂ ದಿನವೂ ಇದೇ ಉಪಚಾರ. ಚರ್ಮ ಕುಡಿಯಿತು, ಮತ್ತೆ ಕುಡಿಯಿತು, ಮೆತ್ತಗಾಯಿತು, ಅವನ ತಲೆಗೆ ಕರುವಿನ ಹಾಗೆ ಒಗ್ಗಿಕೊಂಡಿತು. ಇಷ್ಟು ಜನ ಚಪ್ಪಲಿ ಬಲ್ಲವರು ಸೇರಿ ಮಾಡಿದ ಕೆಲಸದಲ್ಲಿ ಬೆಂಕಿಯ ನೆನಪು ಒಬ್ಬರಿಗಾದರೂ ಬರಬೇಕಿತ್ತು. ಬರಲಿಲ್ಲ.

ಶನಿವಾರ ಕೆರೆಯ ಪಕ್ಕದ ಬಯಲಿನಲ್ಲಿ ಊರು ನೆರೆಯಿತು. ಮುರುಕು ಮಂಚ, ತೆಂಗಿನ ಗರಿಗಳ ರಾಶಿ ಉರಿಯಲು ಸಿದ್ಧವಾಗಿತ್ತು. ಹಳದಿ ಹೆಲ್ಮೆಟ್ ತೊಟ್ಟ ಪಿ.ಜಿ. ಹುಡುಗರು, ಅಂಗಡಿಯವರು ಸಾಲಾಗಿ ನಿಂತಿದ್ದರು. ಎಲ್ಲರ ಮುಂದೆ ನಂಜಪ್ಪ, ನೆತ್ತಿಯ ಮೇಲೆ ಗರುಡ. ಬಿಸಿಲೇರಿದಂತೆ ಎಣ್ಣೆ ಸಡಿಲಾಗಿ ಕಿವಿಯ ಹಿಂದಿನಿಂದ ಇಳಿದು ಕಾಲರ್ ಹಿಡಿಯಿತು. ಅವನು ಅದನ್ನು ಬೆವರೆಂಬಂತೆ ಒರೆಸಿಕೊಂಡ.

ಫೈರ್ ಸ್ಟೇಷನ್ ಅಧಿಕಾರಿ ಸಾಲು ನೋಡುತ್ತ ಬಂದವರು ನಂಜಪ್ಪನ ಮುಂದೆ ನಿಂತರು. ಮೂಗು ಅರಳಿಸಿದರು.

"ಏನ್ರೀ ಇದು ವಾಸನೆ?"

"ಹರಳೆಣ್ಣೆ ಸಾರ್. ಕಚ್ತಾ ಇತ್ತು, ಪಳಗಿಸಿದೀನಿ."

ಅಧಿಕಾರಿ ಯಮನೂರನ ಹೆಗಲ ಮೇಲಿದ್ದ ಹಳೆಯ ವಸ್ತ್ರದಿಂದ ಒಂದು ಚೂರು ಹರಿದು, ಹೊಸೆದು, ಹೆಲ್ಮೆಟ್ಟಿನ ಅಂಚಿಗೆ ಒರೆಸಿದರು. ದೂರ ಹೋಗಿ ಕಲ್ಲಿನ ಮೇಲಿಟ್ಟು ಕಡ್ಡಿ ಗೀರಿದರು. ಬತ್ತಿ ಬಲು ಸ್ಥಿರವಾಗಿ, ಯಾವ ದೇವರ ಮುಂದೆಯೂ ಇಡಬಹುದಾದಷ್ಟು ಚೆನ್ನಾಗಿ ಉರಿಯಿತು. ಎಲ್ಲರೂ ಆ ದೀಪವನ್ನೇ ನೋಡುತ್ತ ನಿಂತರು.

"ನೀವು ಬೆಂಕಿ ಆರ್ಸೋಕೆ ಹೋಗ್ತೀರೋ, ಬೆಂಕಿಗೆ ಎಣ್ಣೆ ಕೊಡೋಕೆ ಹೋಗ್ತೀರೋ?" ಅಧಿಕಾರಿ ಕೇಳಿದರು. "ಇದನ್ನ ಹಾಕ್ಕೊಂಡು ಮುಂದೆ ಬರಬೇಡಿ. ಬೇರೆ ಹೆಲ್ಮೆಟ್ ಇದ್ರೆ ಹಾಕ್ಕೊಳ್ಳಿ, ಇಲ್ಲಾಂದ್ರೆ ಇನ್ಯಾರಾದ್ರೂ ನಡೆಸಲಿ."

ಬೇರೆ ಹೆಲ್ಮೆಟ್ ಇರಲಿಲ್ಲ. ತಲೆಗೊಂದರಂತೆ ತಂದಿದ್ದವು. ನಂಜಪ್ಪನ ಕುಂಬಳಕಾಯಿ ಪೀಣ್ಯದಲ್ಲೇ ಉಳಿದಿತ್ತು. ಸೌಮ್ಯಾ ತಲೆ ತಗ್ಗಿಸಿ ನೆಲ ನೋಡಿದಳು. ಅಷ್ಟರಲ್ಲಿ ಹುಡುಗರ ಸಾಲಿನಿಂದ ವೆಂಕಟೇಶಪ್ಪ ಒಂದು ಹೆಜ್ಜೆ ಮುಂದೆ ಬಂದು ನಿಂತ.

"ನಾನು ನಡೆಸ್ತೀನಿ ಬಿಡಿ ಸಾರ್. ಭಾವ ನೆಳ್ಳಾಗೆ ಕುಂತ್ಕೊಳ್ಳಿ. ಪಾಪ, ಎಣ್ಣೆ ಸ್ನಾನ ಆಗೈತೆ." ಜನ ನಕ್ಕರು. ಅವನೂ ನಕ್ಕ.

ಆ ನಗು ಹೆಂಗಸರ ಗುಂಪಿನಲ್ಲಿದ್ದ ಪಿಳ್ಳಮ್ಮನಿಗೆ ತಾಕಿತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ನಡೆದು ಬಂದಳು.

"ಸಾರ್, ಎಣ್ಣೆ ಬಿಟ್ಟೋಳು ನಾನು. ಸಂದೀಗೆ ಜಾಸ್ತಿ ಬಿಡು ಅಂದೋನು ಇವ್ನು." ತಮ್ಮನ ಕಡೆ ತಿರುಗಿದಳು. "ತೆಗಿಯೋ ತಲೆ ಮ್ಯಾಲಿಂದು."

"ಅಕ್ಕ, ಎಲ್ಲಾರ ಮುಂದೆ..."

"ನಿನ್ನ ಗೋಡೌನು ಉರಿಯೋವಾಗ ನೀನೆಲ್ಲಿದ್ದೆ ಅಂತ ಎಲ್ಲಾರ ಮುಂದೇನೇ ಹೇಳ್ಳಾ?"

ವೆಂಕಟೇಶಪ್ಪ ಅಂದು ಎದುರು ಮನೆಯ ತಾರಸಿಯ ಮೇಲೆ ನಿಂತು ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದ. ಅವನು ಹಳದಿ ಹೆಲ್ಮೆಟ್ ಬಿಚ್ಚಿ ಭಾವನ ಕೈಗಿಟ್ಟ. ನಂಜಪ್ಪ ಗರುಡನನ್ನು ಇಳಿಸಿ ಎಲ್ಲಿಡುವುದೆಂದು ಆಚೀಚೆ ನೋಡಿದ.

"ನೆಲಕ್ಕೆ ಇಡಂಗಿಲ್ಲ," ಪಿಳ್ಳಮ್ಮ ಅದನ್ನು ತಮ್ಮನ ಎರಡೂ ಕೈಗೆ ಕೊಡಿಸಿದಳು. "ಹಿಡ್ಕೊ. ಬೆಂಕಿಯಿಂದ ದೂರ ನಿಂತ್ಕೊ. ಇಳ್ಸಿದ್ರೆ ಸ್ವಾಮಿ ನೋಡ್ಕೊಂತಾನೆ."

ಹಳದಿ ಹೆಲ್ಮೆಟ್ ನಂಜಪ್ಪನಿಗೆ ಸಡಿಲ. ಹುಬ್ಬಿನವರೆಗೂ ಜಾರುತ್ತಿತ್ತು. ಪಟ್ಟಿ ಬಿಗಿದುಕೊಂಡ. ಹಾಗೆ ನಿಂತಾಗ ಅವನೂ ಹತ್ತರಲ್ಲಿ ಹನ್ನೊಂದು, ಯಾರು ಬೇಕಾದರೂ ಆಗಬಹುದಾಗಿದ್ದ ಮನುಷ್ಯ. ರಾಶಿಗೆ ಬೆಂಕಿ ಕೊಟ್ಟರು. ಗರಿಗಳು ಚಟಪಟ ಎದ್ದವು. ಹುಡುಗರು ಪೈಪು ಹಿಡಿದು ಒಬ್ಬರ ಕಾಲು ಒಬ್ಬರು ತುಳಿದು ಹೊಗೆಯಲ್ಲಿ ಗೊಂದಲವೆದ್ದಾಗ ನಂಜಪ್ಪ ಬಾಯಿ ತೆರೆದ.

"ಲೋ ಮುನ್ನೂರ ಮೂರು, ಪೈಪ್ ಎತ್ತೋ. ಇನ್ನೂರ ಎರಡು, ಹಿಂದಕ್ಕೆ ಬಾ, ಗಾಳಿ ನಿನ್ನ ಕಡೀಕೆ ಐತೆ. ಯಮನೂರ, ಬಿಡು ನೀರು."

ಹುಡುಗರ ಹೆಸರು ಅವನಿಗೆ ಗೊತ್ತಿರಲಿಲ್ಲ. ಅವರ ರೂಮಿನ ನಂಬರು ಗೊತ್ತಿತ್ತು. ಆ ದನಿ ಕೇಳಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ಏಳುವುದು ಅವರಿಗೆ ಅಭ್ಯಾಸ. ಬೆಳಗಿನ ಹೊತ್ತು ನೀರಿನ ಮೋಟಾರ್ ಸ್ವಿಚ್ಚು ಇರುವುದು ಆ ದನಿಯ ಕೈಯಲ್ಲಿ. ಸಾಲು ಒಂದಾಯಿತು, ನೀರು ಉರಿಯ ಬುಡಕ್ಕೆ ಬಿತ್ತು. ರಾಶಿ ಬುಸುಗುಟ್ಟಿ, ಕಪ್ಪಾಗಿ, ಸುಮ್ಮನಾಯಿತು.

ಅಧಿಕಾರಿ ಕರವಸ್ತ್ರದಿಂದ ಮುಖ ಒರೆಸಿಕೊಂಡರು. "ಕ್ಯಾಪ್ಟನ್ ಇವರೇ ಇರಲಿ," ಎಂದು ಸೌಮ್ಯಾಗೆ ಹೇಳಿದರು. "ಹೆಲ್ಮೆಟ್ ಮಾತ್ರ ನಾನು ಒಪ್ಪಲ್ಲ."

"ಅಂಕಲ್, ಅಂಬರೀಶ್ ಇದನ್ನ ಇನ್ನು ವಾಪಸ್ ತಗೊಳ್ಳಲ್ಲ," ಎಂದಳು ಸೌಮ್ಯಾ. "ಆಫೀಸಲ್ಲಿ ಕೇಳಿ ನಿಮಗೂ ಒಂದು ಹಳದೀದು ತರಿಸ್ತೀನಿ. ಆಗಬಹುದಾ?"

ನಂಜಪ್ಪ ಚರ್ಮದ ಹೆಲ್ಮೆಟ್ಟಿನ ಕಡೆ ನೋಡಿದ. ಬಿಸಿಲಲ್ಲಿ ಅದು ಆಗಲೂ ರಾಜನ ಹಾಗೇ ಇತ್ತು. ಅದನ್ನು ಹಿಡಿದ ವೆಂಕಟೇಶಪ್ಪನ ಬಿಳಿ ಅಂಗಿಯ ತೋಳು ಮೊಣಕೈವರೆಗೂ ಎಣ್ಣೆಯಾಗಿತ್ತು. ಅವನು ಕೈ ಬದಲಿಸಲೂ ಹೆದರಿ ನಿಂತಿದ್ದ.

"ಹಳದೀದೇ ಇರ್ಲಿ ಕಣಮ್ಮ," ಎಂದ ನಂಜಪ್ಪ. "ಚಿಕ್ಕ ಸೈಜು ತರ್ಸು. ಇದು ಕಣ್ಣಿಗೆ ಬರ್ತದೆ."

ಮನೆಯ ಹಿತ್ತಲಲ್ಲಿ ನೀರೊಲೆ ಉರಿಯುತ್ತಿತ್ತು. ಪಿಳ್ಳಮ್ಮ ಗಂಡನನ್ನು ಕಲ್ಲಿನ ಮೇಲೆ ಕೂರಿಸಿ ಸೀಗೆಪುಡಿ ಹಾಕಿ ತಲೆ ತಿಕ್ಕಿದಳು. ಎಣ್ಣೆ ಕತ್ತಿನವರೆಗೂ ಇಳಿದಿತ್ತು. ಎರಡನೇ ತಂಬಿಗೆ ಹುಯ್ದ ಮೇಲೆ ಪಕ್ಕದ ಕಟ್ಟೆಯ ಮೇಲೆ ಇಟ್ಟಿದ್ದ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಉಳಿದ ಸೀಗೆಯನ್ನು ಅದಕ್ಕೂ ಹಾಕಿ ತಿಕ್ಕತೊಡಗಿದಳು.

"ಚರ್ಮ ಮುಟ್ಟಿದ್ಯಲ್ಲ," ನಂಜಪ್ಪ ಒಂದು ಕಣ್ಣು ತೆರೆದು ನೋಡಿ ಹೇಳಿದ. "ಬಿಸಿನೀರು ಹಾಕ್ಬ್ಯಾಡ, ಸೆಟ್ಕೊಂಡ್ಬಿಡ್ತದೆ."

"ಸೆಟ್ಕೊಂಡ್ರೆ ಸೆಟ್ಕೊಳ್ಲಿ. ನೀನೇನು ಹಾಕ್ಕೊಳ್ಳಲ್ವಲ್ಲ."

"ಮತ್ಯಾಕೆ ತೊಳೀತೀಯಾ?"

"ನಿನ್ನ ತಲೆ ಮ್ಯಾಲೆ ಕುಂತಿದ್ದು," ಎಂದಳು ಪಿಳ್ಳಮ್ಮ. "ಸುಮ್ಕೆ ಕಣ್ಣು ಮುಚ್ಕೊ, ಸೀಗೆ ಹೋಗ್ತದೆ."