ಗುಂಡಿಗೆ ಕಾವಲು ನಿಂತ ಬೋರ್ಡು

ಆ ದಿನ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಎದುರುಮನೆಯ ಬಾಗಿಲು ತೆರೆದ ಸದ್ದು ಕೇಳಿತೇ ಹೊರತು ಬಾಗಿಲು ಕಾಣಲಿಲ್ಲ. ಬೋರ್ಡು ಬರೆಯುವವನು ಜಗಲಿಯ ಮೇಲೆ ಕೂತಿದ್ದ. ಮುಂದೆ ಬಿಳಿ ಬಣ್ಣ ಬಳಿದ ತಗಡಿನ ಬೋರ್ಡು. ಹನ್ನೊಂದು ಗಂಟೆಗೆ ನಗರಸಭೆಯ ಹೊಸ ಅಧ್ಯಕ್ಷರು ಅಧಿಕಾರ ವಹಿಸಿಕೊಳ್ಳುತ್ತಾರೆ. ಅಷ್ಟರೊಳಗೆ ಹಳಬರ ಹೆಸರಿದ್ದ ಜಾಗದಲ್ಲಿ ಹೊಸಬರ ಹೆಸರು ಬರೆದು ಕೊಡಬೇಕು. ಆದರೆ ಕೈ ಓಡಲೊಲ್ಲದು. ಕುಂಚ ಅದ್ದುತ್ತಾನೆ, ಇಡುತ್ತಾನೆ, ಗಲ್ಲಿಯ ಕಡೆ ಕಿವಿಗೊಡುತ್ತಾನೆ.

ಅವನ ಮನೆ ಬಾಗಿಲಿನಿಂದ ಹದಿನಾಲ್ಕು ಹೆಜ್ಜೆಗೆ ಒಂದು ಮ್ಯಾನ್‌ಹೋಲ್. ಇಪ್ಪತ್ತು ದಿನದ ಹಿಂದೆ ನೀರಿನ ಟ್ಯಾಂಕರ್ ಹತ್ತಿ ಅದರ ಮುಚ್ಚಳ ಪುಡಿಪುಡಿಯಾಗಿತ್ತು. ಅವನ ತಾಯಿಗೆ ಕಣ್ಣು ಮಂಜಾಗಿ ವರ್ಷಗಳೇ ಆದವು. ಆಕೆ ಹೆಜ್ಜೆ ಎಣಿಸಿಕೊಂಡೇ ಹಾಲಿನ ಅಂಗಡಿಗೆ ಹೋಗಿ ಬರುವಾಕೆ. ಗುಂಡಿ ಬಾಯಿ ತೆರೆದ ಮೇಲೆ ಮಗ ಹೋಗಬೇಡ ಅಂದಿದ್ದ, ಆಕೆ ಮುನಿಸಿಕೊಂಡಿದ್ದಳು.

ಟಕ್. ಟಕ್. ಟಕ್.

ಕೋಲಿನ ಸದ್ದು ಮನೆಯೊಳಗಿನದಲ್ಲ, ಗಲ್ಲಿಯದು! ಹಿತ್ತಲ ಬಾಗಿಲಿನಿಂದ ಹೊರಟುಬಿಟ್ಟಿದ್ದಾಳೆ. ಅವನು ಕುಂಚ ಹಿಡಿದುಕೊಂಡೇ ಓಡಿದ.

"ಅಮ್ಮಾ, ನಿಂತ್ಕೋ! ಅಲ್ಲೇ ನಿಂತ್ಕೋ!"

ಸದ್ದು ನಿಂತಿತು. ಮಂಜಿನೊಳಗಿಂದ ಆಕೆಯ ದನಿ ಬಂತು: "ಕೋಲಿಗೆ ನೆಲ ಸಿಗ್ತಿಲ್ಲ ಕಣೋ."

ಆ ಹೊತ್ತಿಗೆ ದೇವರೇ ಆ ಕೋಲಿಗೆ ಕಣ್ಣು ಕೊಟ್ಟಿರಬೇಕು. ಗುಂಡಿಯ ಅಂಚಿಗೆ ಇನ್ನೊಂದೇ ಹೆಜ್ಜೆ ಉಳಿದಿತ್ತು.

ತಾಯಿಯನ್ನು ಜಗಲಿಯಲ್ಲಿ ಕೂರಿಸಿದ. ಕೆಂಪು ಬಣ್ಣದ ಡಬ್ಬಿ ತೆರೆದು, ಅಧ್ಯಕ್ಷರ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದ: "ನಿಲ್ಲಿ! ತೆರೆದ ಗುಂಡಿ." ಅದನ್ನು ಗುಂಡಿಯ ಮುಂದೆ ನಿಲ್ಲಿಸಿ, ಸುತ್ತ ಬಣ್ಣದ ಡ್ರಮ್ಮು, ಏಣಿ, ಸ್ಟೂಲು ಎಲ್ಲ ತಂದು ಅಡ್ಡ ಇಟ್ಟ.

ಪಕ್ಕದ ಮನೆಯಲ್ಲಿದ್ದ ಅವನ ಅತ್ತಿಗೆ ನಗರಸಭೆಯಲ್ಲಿ ಕಸ ಗುಡಿಸುವವರು; ಕೆಲಸಕ್ಕೆ ಹೊರಟವರು ಆ ಏಣಿಗೆ ಎಡವಿದರು.

"ಏನಪ್ಪಾ ಇದು, ಬೀದಿಯಲ್ಲೇ ಸಂಸಾರ ಹೂಡಿದ್ದೀಯಾ?"

ಅವನು ನಡೆದದ್ದನ್ನು ಹೇಳಿದ.

"ದೂರು ಕೊಟ್ಟಿದ್ದೆಯಲ್ಲ, ಏನಾಯ್ತು?"

"ಕೊಟ್ಟ ಮೂರೇ ದಿನಕ್ಕೆ ಅಧ್ಯಕ್ಷರು ಕೆಳಗಿಳಿದ್ರು ಅತ್ತಿಗೆ. ಅವರ ಹೆಸರನ್ನೇ ನಾನು ಬ್ಲೇಡಿನಲ್ಲಿ ಕೆರೆದು ಹಾಕಿದ್ದೀನಿ. ಇನ್ನು ನನ್ನ ದೂರು ಎಲ್ಲಿ ಉಳಿಯುತ್ತೆ?"

"ನೀನು ಕೆರೆದದ್ದು ಬೋರ್ಡನ್ನ. ರಿಜಿಸ್ಟರನ್ನೂ ಕೆರೆದ್ಯಾ? ಹದಿನೆಂಟು ವರ್ಷದಿಂದ ಆ ಕೋಣೆ ಗುಡಿಸ್ತಿದ್ದೀನಿ. ಆರು ಜನ ಅಧ್ಯಕ್ಷರು ಬಂದು ಹೋದ್ರು. ದೂರಿನ ಕಪಾಟು ಒಂದಿಂಚೂ ಸರಿದಿಲ್ಲ. ಸರಿದಿದ್ರೆ ಅದರಡಿಯ ಕಸ ನನಗೆ ಸಿಕ್ಕಿರೋದು! ದೂರು ಕೊಟ್ಟಾಗ ಚೀಟಿ ಕೊಟ್ಟಿರ್ತಾರಲ್ಲ, ಎಲ್ಲಿ?"

ಅವನು ತಲೆ ಕೆರೆದುಕೊಂಡ. ಚೀಟಿ ಬಣ್ಣದ ಡಬ್ಬಿಗಳ ಮಧ್ಯೆ ಸಿಕ್ಕಿತು. ಇನ್ನು ಕೆಲಸಕ್ಕೆ ಬಾರದು ಎಂದು ಅದರ ಬೆನ್ನಿಗೆ ಕುಂಚ ಒರೆಸಿದ್ದ. ಪುಣ್ಯಕ್ಕೆ ಮುಂಭಾಗದ ನಂಬರು ಹಾಗೇ ಇತ್ತು.

"ನಡಿ," ಅಂದರು ಅತ್ತಿಗೆ.

"ನೀವಿಬ್ರೂ ಹೋದ್ರೆ ನನ್ನ ಹಾಲು?" ಅಂದಳು ತಾಯಿ.

"ನೀವು ಜಗಲಿ ಬಿಟ್ಟು ಇಳಿದ್ರೆ ನೋಡಿ, ನಾನು ಅಲ್ಲಿಂದಲೇ ಜಗಳಕ್ಕೆ ಬರ್ತೀನಿ ಅತ್ತೆ!"

ಕಚೇರಿಯಲ್ಲಿ ಕುರ್ಚಿಗಳು ಆಚೆ ಹೋಗುತ್ತಿದ್ದವು, ಈಚೆ ಬರುತ್ತಿದ್ದವು. ಗುಮಾಸ್ತರು ತಲೆ ಎತ್ತಲಿಲ್ಲ. "ಇವತ್ತು ಆಗಲ್ಲ. ಹೊಸಬರು ಬಂದು ಕೂರಲಿ, ಆಮೇಲೆ ನೋಡೋಣ."

"ಕೇಳಿದ್ರಾ ಅತ್ತಿಗೆ?" ಅಂತ ಅವನು ಬಾಗಿಲ ಕಡೆ ತಿರುಗಿಯೇಬಿಟ್ಟ.

ಅತ್ತಿಗೆ ಜಗ್ಗಲಿಲ್ಲ. "ಸಾರ್, ಗುಂಡಿ ಮುಚ್ಚೋದಕ್ಕೆ ಯಾರ ಪ್ರಮಾಣವಚನ ಬೇಕು? ನಂಬರ್ ಇದೆ. ರಿಜಿಸ್ಟರ್ ನೋಡಿ ಹೇಳಿ, ಸಾಕು."

ಗುಮಾಸ್ತರು ಮನಸ್ಸಿಲ್ಲದೆ ರಿಜಿಸ್ಟರ್ ತೆರೆದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಕೆಲಸದವರು ಎರಡು ಸಲ ಬಂದಿದ್ದಾರಲ್ರೀ! 'ಹೇಳಿದ ಗುರುತು ಸಿಗಲಿಲ್ಲ' ಅಂತ ಬರೆದಿದೆ. ನೀವು ಕೊಟ್ಟ ವಿಳಾಸ ಏನು ನೋಡಿ: ಅಧ್ಯಕ್ಷರ ಹೆಸರಿನ ಬೋರ್ಡಿನಿಂದ ಹತ್ತು ಹೆಜ್ಜೆ. ಎಲ್ಲಿದೆ ಆ ಬೋರ್ಡು?"

ಅವನು ಚೀಟಿಯನ್ನು ಮಡಿಚತೊಡಗಿದ. "ಅದನ್ನ... ಹೆಸರು ಬದಲಾಯಿಸೋಕೆ ನಮ್ಮ ಗಲ್ಲಿ ಮೂಲೆಯಿಂದ ನಾನೇ ಕಿತ್ಕೊಂಡು ಹೋದೆ ಸಾರ್."

ಅತ್ತಿಗೆ ಪೊರಕೆಗೆ ಒರಗಿ ನಕ್ಕರು, ಕಣ್ಣಲ್ಲಿ ನೀರು ಬರುವವರೆಗೆ. ಆಮೇಲೆ ತಾವೇ ಹೇಳಿ ಬರೆಸಿದರು: ಮನೆ ನಂಬರು, ಬೀದಿ ನಂಬರು, ಫೋನ್ ನಂಬರು. ಗುಮಾಸ್ತರು ಅಲ್ಲೇ ಎಂಜಿನಿಯರಿಗೆ ಫೋನು ಮಾಡಿದರು.

"ಅದಿರಲಿ, ಹೊಸಬರ ಬೋರ್ಡು ಎಲ್ಲಿ?"

"ಗುಂಡಿ ಹತ್ರ ಕಾವಲಿಗೆ ನಿಂತಿದೆ ಸಾರ್. ಮುಚ್ಚಳ ಬಂದ ಮೇಲೆ ಬರುತ್ತೆ."

ಗುಮಾಸ್ತರು ಗೋಡೆಯ ಗಡಿಯಾರ ನೋಡಿ ರಿಜಿಸ್ಟರ್ ಮುಚ್ಚಿದರು.

ಅವನು ಮನೆಗೆ ಬಂದು ಜಗಲಿಗೂ ಗಲ್ಲಿಗೂ ಶತಪಥ ಹಾಕುತ್ತಿದ್ದಾನೆ. ಮಂಜು ಕರಗುತ್ತಿದೆ. ಅವನು ಕಾಯುತ್ತಿರಲಿ; ಅಷ್ಟರಲ್ಲಿ ಅಕ್ಕಂದಿರೇ, ಅಣ್ಣಂದಿರೇ, ನಿಮಗೊಂದು ಮಾತು. ನಿಮ್ಮ ಬೀದಿಯಲ್ಲೂ ಇಂಥ ಗುಂಡಿ ಇದ್ದೀತು, ಉರಿಯದ ದೀಪ ಇದ್ದೀತು. ಮೇಲೆ ಕೂರುವವರು ಬದಲಾದರೆಂದು ನಿಮ್ಮ ದೂರನ್ನು ಕೈಬಿಡಬೇಡಿ. ದೂರು ಕೊಟ್ಟಿದ್ದು ಕಚೇರಿಗೆ, ಒಬ್ಬರ ಹೆಸರಿಗಲ್ಲ. ವಿಳಾಸ ಬರೆಯುವಾಗ ನಾಳೆಯೂ ಅಲ್ಲೇ ಇರುವಂಥದ್ದನ್ನು ಬರೆಯಿರಿ. ಚೀಟಿಯನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿಡಿ. ವಾರ ಕಳೆದರೂ ಕೆಲಸ ಆಗದಿದ್ದರೆ ಹೋಗಿ ಕೇಳಿ. ಕೇಳುವುದು ಜಗಳವಲ್ಲ. ಕಣ್ಣು ಕಾಣದ ತಾಯಿಯೊಬ್ಬಳು ನಿಮ್ಮ ಬೀದಿಯಲ್ಲೂ ಹೆಜ್ಜೆ ಎಣಿಸುತ್ತಿರಬಹುದು.

ಅಗೋ, ಕೈಗಾಡಿಯ ಸದ್ದು!

ಒಳಚರಂಡಿ ಕೆಲಸದ ಇಬ್ಬರು ಮುಚ್ಚಳ ಇಳಿಸಿ ಕೂರಿಸಿದರು. ಹಿರಿಯವನು ಅದರ ಮೇಲೆ ನಿಂತು ಎರಡು ಸಲ ಕುಣಿದು ನೋಡಿದ. ತಾಯಿ ಜಗಲಿಯಿಂದ ಇಳಿದಳು. ಮಗ ತಡೆಯಲಿಲ್ಲ. ಹನ್ನೆರಡು, ಹದಿಮೂರು, ಹದಿನಾಲ್ಕು. ಕೋಲು ಕಬ್ಬಿಣಕ್ಕೆ ಬಡಿದು ಠಣ್ ಅಂದಿತು. ಆಕೆ ಒಂದು ಗಳಿಗೆ ನಿಂತು, ಎಣಿಕೆ ಮುಂದುವರಿಸುತ್ತ ಅಂಗಡಿಯ ಕಡೆ ಹೋದಳು.

ಹಿರಿಯ ಕೆಲಸದವನು ಬೋರ್ಡನ್ನು ಎತ್ತಿ, ಅಂಚಿಗೆ ಮೆತ್ತಿದ್ದ ಮಣ್ಣನ್ನು ತೋಳಿನಿಂದ ಒರೆಸಿ, ಬೋರ್ಡು ಬರೆಯುವವನ ಕೈಗೆ ಕೊಟ್ಟ.