ಮಟ್ಟ ನೋಡುವ ಹಲಗೆ

ವೆಲ್ಡರ್ ಇನ್ನೊಂದು ಸಲ ಬೈಕಿನ ಕಿಕ್ಕರ್ ತುಳಿದ. ಗಾಡಿ ಸ್ಟಾರ್ಟ್ ಆಯಿತು, ಎರಡು ಸಲ ಕೆಮ್ಮಿತು, ಮೈಯೆಲ್ಲ ಒದರಿ ನಿಂತುಹೋಯಿತು.

"ಇದೂ ಯಜಮಾನನ ಜೊತೆಗೇ ಹೊರಟಿರೋ ಹಾಗಿದೆ," ಅಂದ ಪಕ್ಕದ ಮನೆಯ ಟೈಲರ್.

"ಸುಮ್ನಿರಯ್ಯ ನೀನು. ನಿನ್ನೆ ಸಾಯಂಕಾಲ ಕಾರ್ಬುರೇಟರ್ ಎರಡೂ ಬಿಚ್ಚಿ ತೊಳೆದು ಹಾಕಿದಾನೆ. ಎರಡೂ ಒಂದೇ ಸಮ ಗಾಳಿ ಎಳೀಬೇಕು. ಅದನ್ನ ಸರಿ ಮಾಡೋಕೆ ಮುಂಚೆ ಅವನೇ ಹೊರಟುಬಿಟ್ಟ."

ಮಧ್ಯಾಹ್ನ ಹೆಣ ಒಯ್ಯುವ ವ್ಯಾನು ಬರುತ್ತದೆ. ಅದರ ಮುಂದೆ ಅಪ್ಪನ ಗಾಡಿ ಓಡಲೇಬೇಕು, ತಾನೇ ಓಡಿಸಬೇಕು ಎಂದು ಮಗಳ ಹಟ. ಜನ್ಮವಿಡೀ ಗಾಡಿ ರಿಪೇರಿ ಮಾಡಿದವನ ಗಾಡಿಯನ್ನು ತಳ್ಳಿಕೊಂಡು ಹೋದರೆ ಅದಕ್ಕಿಂತ ನಗೆಪಾಟಲು ಬೇರೆ ಉಂಟೇ? ಅದರಲ್ಲೂ ಸತ್ತವನು ಕಿವಿಯಣ್ಣ. ರಬ್ಬರ್ ನಳಿಕೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಕಾರ್ಬುರೇಟರಿನ ಬಾಯಿಗೆ ಹಿಡಿದು, ಕಣ್ಣುಮುಚ್ಚಿ ಸ್ಕ್ರೂ ತಿರುಗಿಸುತ್ತಿದ್ದವನು. ಆ ಕಿವಿಗಾಗಿಯೇ ಊರಾಚೆಯಿಂದ ಗಾಡಿಗಳು ಬರುತ್ತಿದ್ದವು.

ಒಳಗೆ ಅವನ ಹೆಂಡತಿ ಹೆಣದ ಬಲಬದಿಗೆ ಕುಳಿತಿದ್ದಳು. ಅಳು ಬಂದಿರಲಿಲ್ಲ. ಕೂತಲ್ಲಿ ಕೂರಲಾಗದೆ ಒಮ್ಮೆ ಸೆರಗು ಸರಿಮಾಡುತ್ತಿದ್ದಳು, ಒಮ್ಮೆ ಚಾಪೆಯ ಅಂಚು ಕೀಳುತ್ತಿದ್ದಳು.

"ಅತ್ತುಬಿಡೇ," ಅಂದಳು ಗಂಡನ ಅಕ್ಕ. "ಎದೆ ಹಗುರ ಆಗುತ್ತೆ."

"ಏನಂತ ಅಳ್ಲಿ ಅಕ್ಕಾ? ನಿನ್ನೆ ಇವರು ಹಿತ್ತಲ ನಲ್ಲೀಲಿ ಕೈ ತೊಳೀತಿದ್ರು. ಗಾಡಿ ಹೊಳೀತಾ ನಿಂತಿತ್ತು. ನನಗೂ ಏನನ್ನಿಸ್ತೋ ಏನೋ, ಹಿಂದೆ ನಿಂತು ಕೇಳಿದೆ, ನಾಳೆ ನನ್ನೂ ಕೂರಿಸ್ಕೊಂಡು ಒಂದು ಸುತ್ತು ಹೋಗೋಣ್ವಾ ಅಂತ. ಅಷ್ಟು ವರ್ಷದ ಮೇಲೆ ನಾನಾಗಿ ಸೋತು ಕೇಳಿದೆ. ಇವರು ಕೈ ಒರೆಸ್ಕೊಂಡು ಒಳಗೆ ಹೋದ್ರು. ಹೂಂ ಇಲ್ಲ, ಉಹೂಂ ಇಲ್ಲ."

"ಯೋಚನೆ ಮಾಡ್ತಿದ್ದನೇನೋ."

"ಬೇಡ ಅಂತ ಇದ್ರೆ ಬೇಡ ಅನ್ನಬೇಕಿತ್ತು. ಈಗ ನಾನು ಯಾರನ್ನ ಕೇಳ್ಲಿ?"

ಹೊರಗೆ ಗಾಡಿ ಮತ್ತೆ ಕೆಮ್ಮಿತು. ಅವಳಿಗೆ ರೇಗಿಹೋಯಿತು. "ಎಡಗಡೇದು ಸತ್ತಿದೆ, ಬಲಗಡೇದೊಂದೇ ಎಳೀತಿದೆ. ಅಷ್ಟೂ ಗೊತ್ತಾಗಲ್ವಾ ಇವರಿಗೆ?"

*

ಅವಳು ಆ ಗಾಡಿ ಹತ್ತುವುದನ್ನು ಬಿಟ್ಟಿದ್ದು ಒಂದು ಚಪ್ಪಲಿಯ ದೆಸೆಯಿಂದ.

ಹೊಸ ಚಪ್ಪಲಿ, ಹಸಿರು ಪಟ್ಟಿ, ಪಟ್ಟಿಯ ಮೇಲೆ ಬಿಳಿ ಚುಕ್ಕಿ. ತಂಗಿಯ ಮನೆಗೆ ಹೊರಟಿದ್ದರು. ಸೇತುವೆಯ ಮೇಲೆ ಒಂದು ಚಪ್ಪಲಿ ಕಾಲಿಂದ ಜಾರಿ ಬಿತ್ತು. "ರೀ, ನಿಲ್ಸಿ! ಚಪ್ಪಲಿ ಬಿತ್ತು!" ಅಂದಳು ಅವನ ಬಲಭುಜದ ಮೇಲಿಂದ. ಗಾಡಿ ಓಡುತ್ತಲೇ ಇತ್ತು. ಕೂಗಿದಳು. ಬೆನ್ನಿಗೆ ಗುದ್ದಿದಳು. ಗುದ್ದಿದ್ದಕ್ಕೆ ಅವನು, ಹೆಂಡತಿಗೆ ಖುಷಿಯಾಗಿದೆ ಅಂದುಕೊಂಡನೋ ಏನೋ, ಇನ್ನಷ್ಟು ವೇಗ ಕೊಟ್ಟ.

ತಂಗಿಯ ಮನೆ ಬಾಗಿಲಲ್ಲಿ ಒಂಟಿ ಚಪ್ಪಲಿಯಲ್ಲಿ ಇಳಿದಾಗ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

"ಯಾಕೆ ನಿಲ್ಲಿಸ್ಲಿಲ್ಲ?" ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿದಳು.

ಅವನು ಅವಳ ಕಾಲು ನೋಡಿದ. ಮುಖ ಕಪ್ಪಿಟ್ಟಿತು. "ಅವಸರ ಇತ್ತು," ಅಂದ.

ಅವಸರವಂತೆ! ಹೆಂಡತಿಯ ಚಪ್ಪಲಿಗಿಂತ ದೊಡ್ಡ ಅವಸರ ಯಾವ ರಾಜಕಾರ್ಯಕ್ಕಿತ್ತು? ಉಳಿದ ಚಪ್ಪಲಿಯನ್ನು ಚರಂಡಿಗೆ ಎಸೆದು ಅವಳು ಬಸ್ಸಿನಲ್ಲಿ ಬರಿಗಾಲಲ್ಲಿ ವಾಪಸ್ಸು ಬಂದಳು. ಅಂದಿನಿಂದ ಮಾತು ಬಿಡಲಿಲ್ಲ, ಆದರೆ ಮುಖ ತಿರುಗಿಸಿಕೊಂಡೇ ಆಡಿದಳು. ಒಲೆಯ ಕಡೆ ನೋಡಿಕೊಂಡು ಊಟಕ್ಕೆ ಕರೆಯುವುದು, ಗೋಡೆಗೆ ಹೇಳಿದ ಹಾಗೆ ಸಾಮಾನು ಹೇಳುವುದು. ಅವನು ಉತ್ತರ ಕೊಡದಿದ್ದಾಗಲೆಲ್ಲ, ನೋಡು ಎಂಥಾ ಕೊಬ್ಬು ಎಂದು ಅವಳ ಸಿಟ್ಟು ಇನ್ನೊಂದು ಸುತ್ತು ಬಿಗಿಯಾಯಿತು.

*

ವೆಲ್ಡರ್ ಕಿವಿಯಣ್ಣನ ಅಂಗಡಿಗೆ ಓಡಿಹೋಗಿ, ಗೋಣಿಯಲ್ಲಿ ಸುತ್ತಿದ್ದ ಉದ್ದನೆಯ ಹಲಗೆಯೊಂದನ್ನು ತಂದ. ಹಲಗೆಯ ಮೇಲೆ ಪಾರದರ್ಶಕ ನಳಿಕೆ ಮೇಲಿಂದ ಕೆಳಗಿಳಿದು, ತಿರುಗಿ ಮತ್ತೆ ಮೇಲೇರಿತ್ತು. ಅರ್ಧದವರೆಗೆ ಕೆಂಪು ಎಂಜಿನ್ ಎಣ್ಣೆ. ಅದನ್ನು ಗೋಡೆಗೆ ಒರಗಿಸಿ, ನಳಿಕೆಯ ಎರಡು ತುದಿಗಳನ್ನು ಎರಡು ಕಾರ್ಬುರೇಟರಿಗೂ ಸಿಕ್ಕಿಸಿದ.

"ಇದೇನು ಮಾಮಾ?" ಎಂದಳು ಮಗಳು.

"ಯಾವುದು ಜಾಸ್ತಿ ಎಳೆಯುತ್ತೋ ಆ ಕಡೆ ಎಣ್ಣೆ ಏರುತ್ತೆ. ಎರಡೂ ಕಡೆ ಸಮಕ್ಕೆ ಬರೋವರೆಗೂ ಸ್ಕ್ರೂ ತಿರುಗಿಸೋದು. ಆಕ್ಸಿಲರೇಟರ್ ಮೆಲ್ಲಗೆ ಹಿಡ್ಕೋ ತಾಯಿ. ಜೋರಾದ್ರೆ ಎಂಜಿನ್ ಎಣ್ಣೇನ ಕುಡಿದು ಹಾಕುತ್ತೆ."

"ಅಪ್ಪ ಕಿವೀಲಲ್ವಾ ಮಾಡ್ತಿದ್ದಿದ್ದು?"

ವೆಲ್ಡರ್ ಸ್ಪ್ಯಾನರ್ ಹುಡುಕುವವನ ಹಾಗೆ ತಲೆ ಬಗ್ಗಿಸಿದ.

ಅಷ್ಟರಲ್ಲಿ ಹೆಂಡತಿ ಹೊಸ್ತಿಲಿಗೆ ಬಂದಿದ್ದಳು. "ಒಳಗೆ ಹೆಣ ಇದೆ ಅನ್ನೋ ಪರಿವೆ ಇದೆಯಾ ನಿಮಗೆ? ಬೆಳಗ್ಗಿಂದ ಇದೇ ರಂಪ..."

ಮಾತು ಅಲ್ಲೇ ನಿಂತಿತು. ನಳಿಕೆ ಅಲುಗಾಡದಂತೆ ಹಲಗೆಗೆ ಅಲ್ಲಲ್ಲಿ ಪಟ್ಟಿ ಹೊಡೆದಿದ್ದರು. ಹಸಿರು ಪಟ್ಟಿ. ಬಿಳಿ ಚುಕ್ಕಿ. ಅವಳು ಮೆಟ್ಟಿಲಿಳಿದು ಬಂದು ಒಂದನ್ನು ಹೆಬ್ಬೆರಳಿನಿಂದ ಉಜ್ಜಿದಳು.

"ಇದು ನನ್ನ ಚಪ್ಪಲಿ."

ವೆಲ್ಡರ್ ನಳಿಕೆಯ ತುದಿಯನ್ನು ಮತ್ತೊಮ್ಮೆ ಒತ್ತಿ ನೋಡಿದ.

"ನಿನ್ನೇ ಕೇಳ್ತಿರೋದು ಕಣಪ್ಪ. ಸೇತುವೆ ಮೇಲೆ ಬಿದ್ದ ನನ್ನ ಚಪ್ಪಲಿ ಇಲ್ಲಿಗೆ ಹೇಗೆ ಬಂತು?"

"ಅತ್ತಿಗೆ, ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿಸ್ಕೊಂಡಿದ್ದ..."

"ಆಣೆ ಇಟ್ಟೋನು ಒಳಗೆ ಮಲಗಿದಾನೆ. ಹೇಳು."

*

ಆ ಸಂಜೆ ಕಿವಿಯಣ್ಣ ವೆಲ್ಡರನ ಅಂಗಡಿಗೆ ಬಂದಾಗ ಕೈಯಲ್ಲಿ ಲಾರಿ ಹತ್ತಿ ಅಪ್ಪಚ್ಚಿಯಾದ ಚಪ್ಪಲಿ. ಸೇತುವೆಯನ್ನು ಆ ತುದಿಯಿಂದ ಈ ತುದಿಗೆ ನಡೆದು ಹುಡುಕಿ ತಂದಿದ್ದ.

"ಅವಳು ಕೂಗಿದ್ಲಂತೆ ಕಣೋ. ನನಗೆ ಕೇಳಿಸ್ಲೇ ಇಲ್ಲ. ಬಲಗಿವಿ ಪೂರ್ತಿ ಹೋಗಿದೆ. ಎಡಗಿವೀಲಿ ಹತ್ತಿರ ಬಂದು ಹೇಳಿದ್ರೆ ಅಷ್ಟೋ ಇಷ್ಟೋ."

"ಹಾಗಂತ ಅತ್ತಿಗೆಗೆ ಹೇಳು ಮಾರಾಯ."

"ಕಿವಿಯಣ್ಣಂಗೆ ಕಿವಿ ಕೇಳಲ್ಲ ಅಂತ ಒಬ್ಬರ ಬಾಯಿಗೆ ಬಿದ್ರೂ ಸಾಕು, ಅಂಗಡಿಗೆ ಒಂದು ಗಾಡೀನೂ ಬರಲ್ಲ. ಅವಳು ಸಿಟ್ಟಲ್ಲಿ ತಂಗಿ ಹತ್ರ ಅಂದುಬಿಟ್ರೆ? ಕೊಬ್ಬು ಅಂದ್ಕೊಳ್ಳಲಿ ಬಿಡು. ಕೊಬ್ಬಿದ ಮೆಕ್ಯಾನಿಕ್ ಹತ್ರ ಜನ ಬರ್ತಾರೆ."

ಗಾರೆಯವರು ಗೋಡೆಯ ಮಟ್ಟ ನೋಡುವ ನಳಿಕೆಯನ್ನು ಕಿವಿಯಣ್ಣ ಎಲ್ಲಿಂದಲೋ ತಂದಿದ್ದ. ಮುರಿದ ಮಂಚದ ಹಲಗೆ ವೆಲ್ಡರನದು. ಮೊದಲು ನೀರು ತುಂಬಿದರು. ಎಂಜಿನ್ ಗಟಗಟ ಕುಡಿದು ನಿಂತಿತು. ಎಣ್ಣೆ ತುಂಬಿದರು, ಅದು ಹುಚ್ಚೆದ್ದು ಮೇಲೆ ಕೆಳಗೆ ಕುಣಿಯಿತು. ಕೊನೆಗೆ ಎರಡು ತುದಿಗಳಿಗೂ ಸಣ್ಣ ತೂತಿನ ಬಿರಡೆ ಹಾಕಿದ ಮೇಲೆ ಎಣ್ಣೆಯ ಕುಣಿತ ಅಡಗಿತು. ನಳಿಕೆ ಬಿಗಿಯಲು ತಂತಿ ಇತ್ತು, ಆದರೂ ಅವನು ಚಪ್ಪಲಿಯ ಪಟ್ಟಿಯನ್ನೇ ಕತ್ತರಿಸಿ ಮೊಳೆ ಹೊಡೆದ.

ಆಮೇಲೂ ಗಿರಾಕಿಗಳ ಮುಂದೆ ರಬ್ಬರ್ ನಳಿಕೆ ಕಿವಿಗಿಟ್ಟು ಕಣ್ಣು ಮುಚ್ಚುತ್ತಿದ್ದ. ನಿಜವಾದ ಕೆಲಸವನ್ನು ಅವರು ಹೋದ ಮೇಲೆ, ಬಾಗಿಲು ಎಳೆದುಕೊಂಡು, ಕಣ್ಣು ಬಿಟ್ಟುಕೊಂಡು ಮಾಡುತ್ತಿದ್ದ.

*

"ಅದಕ್ಕೇ ನಾನು ಫೋನ್ ಮಾಡಿದ್ರೆ ಅಮ್ಮಂಗೆ ಕೊಡ್ತೀನಿ ಅಂತಿದ್ದಿದ್ದು," ಎಂದು ಮಗಳು ಬಿಕ್ಕಿದಳು.

"ಮುಖ ನೋಡಿ ಮಾತಾಡಿದ್ರೆ ತುಟಿ ಆಡೋದು ನೋಡೇ ಮಾತು ಹಿಡ್ಕೊಂಡುಬಿಡ್ತಿದ್ದ," ಅಂದ ವೆಲ್ಡರ್.

ಅವಳಿಗೆ ಸಿಟ್ಟು ನೆತ್ತಿಗೇರಿತು. "ನಾನೇನು ಊರಿಗೆಲ್ಲ ಡಂಗುರ ಹೊಡೀತಿದ್ನಾ? ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ಆ ಮನುಷ್ಯಂಗೆ? ಅವಸರ ಅಂತೆ, ಅವಸರ!" ಎಂದು ಹಲಗೆಯನ್ನು ಹಿಡಿದು ಅಲುಗಾಡಿಸಿದಳು. ಮರುಕ್ಷಣವೇ, ಎಣ್ಣೆ ಚೆಲ್ಲೀತೆಂದು ತಾನೇ ಅದನ್ನು ನೆಟ್ಟಗೆ ನಿಲ್ಲಿಸಿದಳು. ನಿನ್ನೆ ನಲ್ಲಿಯ ಬಳಿ ತಾನು ನಿಂತಿದ್ದು ಹಿಂದೆ, ಬಲಕ್ಕೆ. ಅವನು ಬೇಡ ಅಂದಿರಲಿಲ್ಲ. ಅವನಿಗೆ ಕೇಳಿಸಿಯೇ ಇರಲಿಲ್ಲ.

"ಹೊಡಿ ಕಿಕ್ಕು," ಅಂದಳು.

ಗಾಡಿ ಸ್ಟಾರ್ಟ್ ಆಯಿತು. ಎಣ್ಣೆ ಬಲಗಡೆ ಸರ್ರನೆ ಏರಿತು. ವೆಲ್ಡರ್ ಸ್ಕ್ರೂ ತಿರುಗಿಸಿದ. ಅವಳು ಹಲಗೆಯನ್ನು ಹಿಡಿದೇ ನಿಂತು, "ಇನ್ನೂ... ಇನ್ನೂ ಸ್ವಲ್ಪ... ಜಾಸ್ತಿ ಆಯ್ತು, ವಾಪಸ್ಸು ಬಾ," ಎನ್ನುತ್ತಿದ್ದಳು. ಕೆಂಪು ಎಣ್ಣೆ ಎರಡೂ ಕಡೆ ಒಂದೇ ಮಟ್ಟಕ್ಕೆ ಬಂದು ನಿಂತಿತು. ಕೆಮ್ಮು ಹೋಗಿ ಗಾಡಿ ಸಣ್ಣಗೆ, ಸಮನಾಗಿ ಓಡತೊಡಗಿತು.

"ವ್ಯಾನು ಬಂತು," ಎಂದ ಟೈಲರ್.

"ಇರಲಿ, ವ್ಯಾನು ಸ್ವಲ್ಪ ಹೊತ್ತು ನಿಲ್ಲಿಸಿರಿ. ಗಾಡಿ ಆರಿಸಬೇಡ ಮಗಾ."

ಒಳಗೆ ಹೋದಳು. ಬೆಳಗಿನಿಂದ ಕೂತಿದ್ದ ಬಲಬದಿಯ ಜಾಗದಲ್ಲಿ ಕೂರಲಿಲ್ಲ. ಗಂಡನ ಕಾಲು ದಾಟದೆ ಸುತ್ತಿಕೊಂಡು, ಗೋಡೆಗೂ ಹೆಣಕ್ಕೂ ನಡುವಿನ ಇಕ್ಕಟ್ಟಿನಲ್ಲಿ ನುಸುಳಿ, ಎಡಕ್ಕೆ ಕುಳಿತಳು.

"ಅಲ್ಯಾಕೆ ತೂರ್ಕೊಂಡೆ? ಎತ್ತೋಕೆ ಬರ್ತಾರೆ, ಜಾಗ ಬಿಡು," ಎಂದಳು ಗಂಡನ ಅಕ್ಕ. ಆಮೇಲೆ ಗಾಬರಿಯಾಗಿ, "ಏಯ್, ಏನು ಮಾಡ್ತಿದೀಯೇ? ಅದನ್ನ ತೆಗೀಬಾರ್ದು!"

ಅವಳು ಅವನ ಎಡಗಿವಿಗೆ ಇಟ್ಟಿದ್ದ ಹತ್ತಿಯನ್ನು ಎಳೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. ಬಗ್ಗಿ, ತುಟಿ ತಾಗುವಷ್ಟು ಹತ್ತಿರಕ್ಕೆ ಹೋಗಿ, ನಿನ್ನೆ ಕೇಳಿದ್ದನ್ನೇ ಇನ್ನೊಂದು ಸಲ, ಬಿಡಿಸಿ ಬಿಡಿಸಿ ಕೇಳಿದಳು.