ಎರಡನೇ ಫಾರಂ

ಅಂಟಜ್ಜಿಯ ಟೀಯಲ್ಲಿ ಚಮಚ ನಿಲ್ಲಿಸಿದರೆ ನಿಂತೇ ಇರುತ್ತದೆ ಎಂದು ಬೈಂಡಿಂಗ್ ಮನೆಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಆಯುಸ್ಸಿಡೀ ಅಲ್ಲಿ ಪುಸ್ತಕಕ್ಕೆ ಅಂಟು ಕುದಿಸಿದ ಕೈ ಅದು. ಹಿಟ್ಟು, ನೀರು, ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ. ಗಟ್ಟಿಯಾಗುವ ತನಕ ಒಲೆ ಬಿಟ್ಟು ಏಳುವಂತಿಲ್ಲ. ಕೆಲಸ ಬಿಟ್ಟು ಮನೆ ಸೇರಿದ ಮೇಲೂ ಆ ಕೈಗೆ ಏನನ್ನೂ ತೆಳ್ಳಗೆ ಮಾಡಲು ಬರಲಿಲ್ಲ. ಟೀಯೂ ಗಟ್ಟಿ, ಬೈಗುಳವೂ ಗಟ್ಟಿ.

ಊಟದ ಹೊತ್ತಿಗೆ ಸರಿಯಾಗಿ ಫ್ಲಾಸ್ಕ್ ಕಂಕುಳಲ್ಲಿ ಇರುಕಿಕೊಂಡು ಅವಳು ಮೆಟ್ಟಿಲು ಹತ್ತಿ ಬರುತ್ತಿದ್ದಳು. ಬರುತ್ತಿದ್ದುದು ಸೊಸೆಗಾಗಿ. ಆ ಸೊಸೆಗೆ ಅಲ್ಲಿ ಎಲ್ಲರೂ ಇಟ್ಟ ಹೆಸರು ಸೂಜಿ. ಮಡಚಿದ ಹಾಳೆಗಳನ್ನು ಜೋಡಿಸಿ ಬೆನ್ನಿಗೆ ದಾರ ಹಾಕುವುದು ಅವಳ ಕೆಲಸ. ಆಳೂ ಸೂಜಿಯಷ್ಟೇ ಸಣ್ಣ. ಈಚೆಗಂತೂ ಮುಖದ ಬಣ್ಣವೂ ಅದರದ್ದೇ ಆಗಿತ್ತು.

ಗರ್ಭಕೋಶದಲ್ಲಿ ಗೆಡ್ಡೆಗಳು. ಫೈಬ್ರಾಯ್ಡ್ ಅಂದರು ಡಾಕ್ಟರು. ಕ್ಯಾನ್ಸರ್ ಅಲ್ಲ, ಎಷ್ಟೋ ಹೆಂಗಸರಿಗೆ ಇರುತ್ತೆ, ಹೆದರಬೇಡ ಅಂದರು. ಸೂಜಿಗೆ ಹೆದರಿಕೆ ಇದ್ದುದು ಗೆಡ್ಡೆಯದಲ್ಲ, ಮುಟ್ಟಿನದು. ಬಂದದ್ದು ಹೋಗುವ ಮಾತೇ ಆಡುತ್ತಿರಲಿಲ್ಲ. ಬಿಳಿ ಹಾಳೆಯ ರಾಶಿಗಳ ನಡುವೆ ಎಲ್ಲಿ ಕಲೆಯಾದೀತೋ ಎಂದು ಆ ದಿನಗಳಲ್ಲಿ ಸ್ಟೂಲಿನ ಮೇಲೆ ಕೂರದೆ ನಿಂತೇ ಹೊಲಿಯುತ್ತಿದ್ದಳು. ಕಕ್ಕಸಿನ ಬೀಗದಕೈ ಮೇಸ್ತ್ರಿಯ ಮೇಜಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಬಾಯಿ ಬಿಟ್ಟು ಕೇಳಬೇಕು, ಅದೂ ಹತ್ತು ಜನರೆದುರು.

"ಈಗ ತಾನೇ ಹೋಗಿ ಬಂದ್ಯಲ್ಲಮ್ಮ. ನೀರಿನ ಟ್ಯಾಂಕ್ ನುಂಗಿದ್ದೀಯಾ?" ಅನ್ನುತ್ತಿದ್ದ ಮೇಸ್ತ್ರಿ. ದುಡಿಸಿಕೊಳ್ಳಲು ಇವರಿಗೆ ಮೈ ಬೇಕು, ಆ ಮೈಯಲ್ಲಿ ರಕ್ತ ಹರಿಯುತ್ತದೆ ಅನ್ನುವುದು ಮಾತ್ರ ಬೇಡ.

ಡಾಕ್ಟರು ಇನ್ನೊಂದು ಮಾತೂ ಹೇಳಿದ್ದರು. "ಗೆಡ್ಡೆ ದೊಡ್ಡದೇನಲ್ಲ, ಕಾದು ನೋಡಬಹುದು. ರಕ್ತ ಮಾತ್ರ ತೀರಾ ಇಳಿದಿದೆ. ಅದು ಏರಲೇಬೇಕು. ಏರಲಿಲ್ಲ ಅಂದ್ರೆ ಗರ್ಭಕೋಶ ತೆಗೆಯೋದೇ ದಾರಿ." ಸ್ರಾವ ತಗ್ಗುವುದಕ್ಕೊಂದು ಮಾತ್ರೆ, ಕಬ್ಬಿಣಾಂಶಕ್ಕೊಂದು ಮಾತ್ರೆ ಬರೆದರು. ಹೊರಗೆ ಸಾಲು ಬೀದಿಗೆ ಮುಟ್ಟಿತ್ತು. ಹೇಗೆ ನುಂಗಲಿ ಎಂದು ಸೂಜಿ ಬಾಯಿ ತೆರೆಯುವಷ್ಟರಲ್ಲಿ ಮುಂದಿನವಳು ಅವಳ ಕುರ್ಚಿಯಲ್ಲಿ ಕುಳಿತಾಗಿತ್ತು.

ಸುದ್ದಿ ತಿಳಿದ ಮೇಸ್ತ್ರಿ ತಾನೂ ಒಂದು ಔಷಧ ಹೇಳಿದ. "ತೆಗೆಸಿ ಬಿಸಾಕು. ಮಗಳೊಬ್ಬಳು ಹುಟ್ಟಿದ್ದಾಯ್ತು, ಇನ್ನೇನು ಷೋಕೇಸಿನಲ್ಲಿ ಇಡ್ತೀಯಾ? ತೆಗೆಸಿಕೊಂಡವರನ್ನ ನೋಡು, ತಿಂಗಳ ರಜೆಯ ತಾಪತ್ರಯವೇ ಇಲ್ಲ." ಆ ಸಾಲಿನ ಎಷ್ಟೋ ಹೆಂಗಸರಿಗೆ ಅವನು ಇದೇ ಔಷಧ ಹೇಳಿದ್ದ. ಕೆಲವರು ಕುಡಿದೂ ಇದ್ದರು.

ಅಂದು ಸಂಜೆ ಅಂಟಜ್ಜಿ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಬೇಳೆ ಆರಿಸುತ್ತಾ, ತಲೆ ಎತ್ತದೆ ಹೇಳಿದಳು:

"ನಂದು ತೆಗೆದಾಗ ನಾನು ನಿನಗಿಂತ ಚಿಕ್ಕೋಳು. ನಿಮ್ಮ ಮಾವನ್ನ ಕೇಳಿದ್ರು. ಆಗಿನ ಮೇಸ್ತ್ರಿನ ಕೇಳಿದ್ರು. ನನ್ನ ಮಾತ್ರ ಒಬ್ರೂ ಕೇಳಲಿಲ್ಲ. ನಿನ್ನ ನಾನು ಕೇಳ್ತೀನಿ. ನಿಂಗೇನು ಬೇಕು?"

ಸೂಜಿ ಬೇಳೆಯಿಂದ ಒಂದು ಕಲ್ಲು ಹೆಕ್ಕಿ ಎಸೆದಳು. "ಜೀವಕ್ಕೇ ಬಂದ್ರೆ ತೆಗೀಲಿ ಅತ್ತೆ. ಆದ್ರೆ ಮೇಸ್ತ್ರಿ ರಜೆ ಲೆಕ್ಕಕ್ಕೆ ಬೇಡ. ನಂದಲ್ವಾ ಅದು?"

"ಹಾಗಾದ್ರೆ ರಕ್ತ ಏರಿಸೋಣ," ಅಂದಳು ಅಂಟಜ್ಜಿ, ಇನ್ನೊಂದು ಪಾತ್ರೆ ಒಲೆಯ ಮೇಲಿಡುವವಳಂತೆ.

ಕಾಕತಾಳೀಯವೋ ಏನೋ, ಅದೇ ವಾರ ಒಂದು ಪುಟ್ಟ ಪುಸ್ತಕದ ಕೆಲಸ ಬಂತು. ಮಹಿಳಾ ಸಂಘದವರು ಹಂಚಲಿಕ್ಕೆಂದು ಬರೆಸಿದ್ದು: ಗರ್ಭಕೋಶದ ಗೆಡ್ಡೆ ಇರುವವರ ಊಟ, ಪೂರಕ ಮಾತ್ರೆ, ಆರೈಕೆ. ಎರಡೇ ಫಾರಂ. ಫಾರಂ ಎಂದರೆ ಹದಿನಾರು ಪುಟ ಒಟ್ಟಿಗೆ ಅಚ್ಚಾದ ದೊಡ್ಡ ಹಾಳೆ, ಅರ್ಧ ಪುಟಗಳು ನೆಟ್ಟಗೆ, ಅರ್ಧ ತಲೆಕೆಳಗು. ಮಡಚಿದಾಗ ಎಲ್ಲ ತಮ್ಮ ತಮ್ಮ ಜಾಗಕ್ಕೆ ಬರುತ್ತವೆ. ಆ ಮನೆಯಲ್ಲಿ ಹಳೆಯದೊಂದು ರೂಢಿಯಿತ್ತು. ಎಲ್ಲರ ಕೈ ಮಡಚುತ್ತಿದ್ದರೆ ಒಬ್ಬಳು ಮಡಚಿದ್ದನ್ನು ಜೋರಾಗಿ ಓದಬೇಕು, ಅವಳ ಪಾಲಿನ ಹಾಳೆಗಳನ್ನು ಉಳಿದವರು ಹಂಚಿಕೊಳ್ಳಬೇಕು. ಓದುವವಳ ಹೆಸರು ರೇಡಿಯೋ. ಕಾನೂನಿನ ಪುಸ್ತಕವಾಗಲಿ, ಕೋಳಿ ಸಾಕಣೆಯದಾಗಲಿ, ಆ ಹೆಂಗಸರು ಓದಿದ್ದೆಲ್ಲ ಅವಳ ಬಾಯಿಂದಲೇ. ಎಷ್ಟೋ ಸಲ ಮೊದಲ ಫಾರಂ ಕೇಳಿದ ಮೇಲೆ ಮುಂದಿನದು ಬರದೆ, ಕಥೆಯ ನಾಯಕಿಯನ್ನು ಬಾವಿಯ ಕಟ್ಟೆಯ ಮೇಲೇ ಕೂರಿಸಿ ಇವರು ಮನೆಗೆ ಹೋದದ್ದುಂಟು.

ರೇಡಿಯೋ ಓದಿದಳು. ಊಟದಿಂದ ಗೆಡ್ಡೆ ಕರಗುತ್ತದೆ ಎಂದು ಯಾರಾದರೂ ಪುಡಿ ಮಾರಿದರೆ ನಂಬಬೇಡಿ. ಮೈಗೆ ಬಲ ಬರುತ್ತದೆ, ಕಳೆದುಹೋದ ರಕ್ತ ಕೂಡಿಬರುತ್ತದೆ, ಅದೇ ದೊಡ್ಡದು. ಸೊಪ್ಪು, ಕಾಳು, ಹಣ್ಣು ಹೆಚ್ಚು ತಿನ್ನಿ. ಕರಿದದ್ದು, ಸಿಹಿ ಕಡಿಮೆ ಮಾಡಿ. ಮೈಗೆ ಬಿಸಿಲು ಬೀಳಲಿ. ವಿಟಮಿನ್ ಡಿ ಮಾತ್ರೆಯನ್ನು ಪರೀಕ್ಷೆ ಮಾಡಿಸಿಯೇ ತೆಗೆದುಕೊಳ್ಳಿ.

"ಬಿಸಿಲಂತೆ! ಬೆಳಗಾಗೋಕ್ ಮುಂಚೆ ಒಳಗೆ, ಕತ್ತಲಾದ್ಮೇಲೆ ಹೊರಗೆ. ಮೇಸ್ತ್ರಿ ಜೇಬಲ್ಲಿ ಇದ್ರೆ ಕೇಳಿ ನೋಡು," ಅಂದಳು ಒಬ್ಬಳು.

"ಸುಮ್ನಿರೇ. ಓದು ರೇಡಿಯೋ, ಮಾತ್ರೆ ವಿಷಯ ಬಂತು."

"ಕಬ್ಬಿಣಾಂಶದ ಮಾತ್ರೆಯನ್ನು ದಿನವೂ ತಪ್ಪದೆ ನುಂಗಬೇಕು. ಆದರೆ..." ರೇಡಿಯೋ ಹಾಳೆ ತಿರುಗಿಸಿ ನೋಡಿದಳು. "ಮುಗೀತು. ಮಿಕ್ಕಿದ್ದು ಎರಡನೇ ಫಾರಂನಲ್ಲಿ."

"ಆದರೆ ಏನಂತೆ?"

"ಆದರೆ ಗಂಡನ ಮುಖ ನೋಡ್ಕೊಂಡು ನುಂಗಬಾರದು, ವಾಂತಿ ಆಗುತ್ತೆ."

ನಗೆಯ ಅಲೆಯೊಂದು ಮೇಜಿನ ಈ ತುದಿಯಿಂದ ಆ ತುದಿಗೆ ಹೋಗಿ ಬಂತು. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ ಅಂಟಜ್ಜಿ ಮಾತ್ರ ತೀರ್ಪು ಕೊಟ್ಟುಬಿಟ್ಟಳು. "ಖಾಲಿ ಬಾಯಲ್ಲಿ ನುಂಗಿದ್ರೆ ಕಬ್ಬಿಣದ ವಾಸನೆ ಹೊಟ್ಟೆ ತೊಳಸುತ್ತೆ. ಬಿಸಿ ಟೀ ಜೊತೆ ನುಂಗಬೇಕು ಅಂತಿರುತ್ತೆ. ನಾನು ಅಂಟು ಹಾಕದ ಪುಸ್ತಕ ಇದ್ಯಾ? ಇವರು ಬರೆಯೋದು ನಂಗೊತ್ತಿಲ್ವಾ?"

ಹೆಂಗಸರು ಇದ್ದೀತು ಅಂದು ಮತ್ತೆ ಮಡಚತೊಡಗಿದರು. ಅಷ್ಟರಲ್ಲಿ ಕೆಳಗಿನ ಅಚ್ಚಿನ ಮನೆಗೆ ಶಾಲಾ ಪುಸ್ತಕಗಳ ಕೆಲಸ ನುಗ್ಗಿ ಬಂತು. ಯಂತ್ರ ನಡೆಸುವವನು ಸೂಜಿಯ ಗಂಡನೇ. "ಆ ಪುಟ್ಟ ಪುಸ್ತಕ ಮೂಲೆಗೆ ಸೇರಿತು ಕಣೇ, ಯಾವಾಗ ಬರುತ್ತೋ," ಅಂದ ಅವನು.

ಅಂಟಜ್ಜಿ ಪುಸ್ತಕಕ್ಕಾಗಿ ಕಾಯಲಿಲ್ಲ. ಬೆಳಗಾದರೆ ಸೊಪ್ಪು, ರಾತ್ರಿ ಕಾಳು. ಸೂಜಿಯ ತಟ್ಟೆ ನೋಡಿ ಮಗಳು, "ಅಜ್ಜಿ ಅಮ್ಮನ್ನ ಹಸು ಮಾಡ್ತಿದ್ದಾರೆ," ಎಂದು ಅಪ್ಪನಿಗೆ ದೂರು ಕೊಟ್ಟಳು. ಮಧ್ಯಾಹ್ನ ಮಾತ್ರೆಯನ್ನು ತನ್ನ ಕೈಯಾರೆ ಸೂಜಿಯ ಅಂಗೈಯಲ್ಲಿಟ್ಟು, ಲೋಟಕ್ಕೆ ಟೀ ಸುರಿದು, ಗಂಟಲು ಇಳಿಯುವುದನ್ನು ನೋಡಿಯೇ ಅಜ್ಜಿ ಮೆಟ್ಟಿಲು ಇಳಿಯುತ್ತಿದ್ದಳು. ಹೆತ್ತ ತಾಯಿಯೂ ಹೀಗೆ ಕಾದವಳಲ್ಲ ಅನ್ನಿಸುತ್ತಿತ್ತು ಸೂಜಿಗೆ. ಆ ಹೊತ್ತಿಗಾಗಿ ಬೆಳಗಿನಿಂದ ಎದುರು ನೋಡುತ್ತಿದ್ದಳು.

ರಕ್ತ ಏರಲಿಲ್ಲ. ಡಾಕ್ಟರು ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. "ಮಾತ್ರೆ ನುಂಗ್ತಿದ್ದೀಯಾ, ಇಲ್ಲ ಕಿಟಕಿಯಿಂದ ಆಚೆ ಎಸೀತಿದ್ದೀಯಾ?" ನುಂಗ್ತಿದ್ದೀನಿ ಅಂದರೂ ನಂಬಲಿಲ್ಲ. "ಇನ್ನೊಂದು ಸಲ ನೋಡೋಣ. ಆಮೇಲೆ ನನ್ನ ಕೈಲಿಲ್ಲ." ಹೊರಗೆ ಬೆಂಚಿನ ಮೇಲೆ ಕಾದಿದ್ದ ಅಂಟಜ್ಜಿ ಸೊಸೆಯ ಮುಖ ನೋಡಿಯೇ ಎದ್ದು ಅವಳ ಕೈ ಹಿಡಿದುಕೊಂಡಳು. ಮರುದಿನದಿಂದ ಟೀ ಇನ್ನಷ್ಟು ಗಟ್ಟಿಯಾಯಿತು, ಲೋಟ ಇನ್ನಷ್ಟು ದೊಡ್ಡದಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಎರಡನೇ ಫಾರಂ ಬಂತು, ಮಸಿಯ ವಾಸನೆ ಇನ್ನೂ ಹಸಿಯಾಗಿತ್ತು. ರೇಡಿಯೋ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ ಹಿಡಿದಳು.

"...ಟೀ, ಕಾಫಿ, ಹಾಲಿನ ಜೊತೆ ನುಂಗಬಾರದು. ಟೀಯ ಒಗರು ಕಬ್ಬಿಣವನ್ನು ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ. ನೀರಿನ ಜೊತೆ, ಸಾಧ್ಯವಾದರೆ ನಿಂಬೆರಸದ ಜೊತೆ ನುಂಗಿ. ಟೀ ಬೇಕೆಂದರೆ ಸಾಕಷ್ಟು ಹೊತ್ತು ಬಿಟ್ಟು..."

ರೇಡಿಯೋದ ದನಿ ತಾನಾಗಿಯೇ ಕೆಳಗಿಳಿಯಿತು. ಕೈಗಳೆಲ್ಲ ಹಾಳೆಯ ಮೇಲೇ ನಿಂತವು. ಯಾರೂ ಸೂಜಿಯನ್ನು ನೋಡಲಿಲ್ಲ, ಎಲ್ಲರೂ ಬಾಗಿಲನ್ನು ನೋಡಿದರು.

"ಹೇಳ್ತೀಯೇನೇ?" ಅಂದಳು ರೇಡಿಯೋ ಮೆಲ್ಲಗೆ.

"ಹೇಗೆ ಹೇಳಲಿ ಅಕ್ಕ? ಆ ಮೊಣಕಾಲು ಹಿಡ್ಕೊಂಡು ದಿನಾ ಮೆಟ್ಟಿಲು ಹತ್ತಿದ್ದು ಸುಮ್ಮನೆ ಅಂತ ಹೇಳಲಾ?"

ಮಧ್ಯಾಹ್ನ ಫ್ಲಾಸ್ಕ್ ಬಂತು. ಅಂಟಜ್ಜಿ ಮಾತ್ರೆ ಕೊಟ್ಟಳು, ಲೋಟ ಕೊಟ್ಟಳು. ಸೂಜಿ ಕೈಯನ್ನು ಬಾಯಿಯ ತನಕ ಒಯ್ದು, ಮಾತ್ರೆಯನ್ನು ಬೆರಳ ಸಂದಿಯಲ್ಲೇ ಉಳಿಸಿಕೊಂಡು ಟೀ ಕುಡಿದಳು. ಆಮೇಲೆ ನೀರಿನ ಜೊತೆ ನುಂಗಿದರಾಯಿತು, ಯಾರ ಮನಸ್ಸೂ ನೋಯುವುದಿಲ್ಲ ಎಂದು ಅವಳ ಎಣಿಕೆ. ಆದರೆ ಅಂಟಿನಲ್ಲಿ ಸಾಸಿವೆಯಷ್ಟು ಗಂಟು ಉಳಿದರೂ ಕಂಡುಹಿಡಿಯುತ್ತಿದ್ದ ಕಣ್ಣದು.

"ಮುಷ್ಟಿ ಬಿಚ್ಚು."

ಸೂಜಿ ಬಿಚ್ಚಿದಳು. ಬೆವರಿಗೆ ಮಾತ್ರೆಯ ಬಣ್ಣ ಅಂಗೈಗೆ ಹತ್ತಿತ್ತು. ಅಜ್ಜಿಯ ಮುಖ ಬಿಳುಚಿತು. "ತೆಗೆಸೋಕೆ ಒಪ್ಪಿಕೊಂಡ್ಯಾ? ಆ ಮೇಸ್ತ್ರಿ ಮಾತು ಕೇಳಿದ್ಯಾ? ಡಾಕ್ಟರು ಕೇಳಿದ್ದು ನಿಜವಾ, ಎಸೀತಿದ್ಯಾ ಇಷ್ಟು ದಿನ?"

"ಇಲ್ಲ ಅತ್ತೆ! ನಿಮ್ಮಾಣೆ ಇಲ್ಲ. ಒಂದೂ ಬಿಡದೆ ನುಂಗಿದ್ದೀನಿ. ಅದೇ..." ಹಾಳೆಯನ್ನು ತೋರಿಸಿದಳು. "ಓದು ರೇಡಿಯೋ," ಅಂದಳು ಅಜ್ಜಿ. ರೇಡಿಯೋ, "ಇಲ್ಲಿ ಅಚ್ಚು ಸರಿಯಾಗಿ ಬಿದ್ದಿಲ್ಲ ಅಜ್ಜಿ..." ಎಂದು ತಡವರಿಸಿದಳು. "ಅಚ್ಚು ಹಾಕಿದ್ದು ನನ್ನ ಮಗ. ಬಿದ್ದಿರುತ್ತೆ. ಓದು."

ಓದಿದಳು. ಅಂಟಜ್ಜಿ ಪೂರ್ತಿ ಕೇಳಿಸಿಕೊಂಡಳು. ಫ್ಲಾಸ್ಕಿನ ಮುಚ್ಚಳವನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಕಣ್ಣು ತುಂಬಿ ಬಂತು, ತುಟಿ ಮಾತ್ರ ಯಾಕೋ ಓರೆಯಾಯಿತು.

"ಅತ್ತೆಯಂದ್ರು ಸೊಸೆ ರಕ್ತ ಹೀರ್ತಾರೆ ಅಂತ ಲೋಕ ಆಡಿಕೊಳ್ಳುತ್ತೆ. ಉಳಿದವರೆಲ್ಲ ಬಾಯಲ್ಲಿ ಹೀರಿದ್ರು. ನಾನು ಸಕ್ಕರೆ ಹಾಕಿ, ಲೋಟದಲ್ಲಿ ಕೊಟ್ಟು ಹೀರಿದೆ."

ಸೂಜಿ ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ. ಎದ್ದು ಹೋಗಿ ಅತ್ತೆಯ ಭುಜಕ್ಕೆ ಹಣೆ ಒತ್ತಿ ನಿಂತಳು. "ಆ ಟೀಗೋಸ್ಕರವೇ ನಾನು ಕೆಲಸಕ್ಕೆ ಬರ್ತಿದ್ದೆ ಅತ್ತೆ. ನಿಲ್ಲಿಸಬೇಡಿ. ಮಾತ್ರೆ ಜೊತೆ ಬೇಡ, ಅಷ್ಟೇ."

"ಹುಚ್ಚು ಹುಡುಗಿ. ನನ್ನ ಮನಸ್ಸು ನೋಯುತ್ತೆ ಅಂತ ನಿನ್ನ ಹೊಟ್ಟೆಗೆ ಮೋಸ ಮಾಡ್ತೀಯಾ? ನಂಗೆ ಬೈದು ಹೇಳೋದಲ್ವಾ?"

ಗಲಾಟೆ ಕೇಳಿ ಮೇಸ್ತ್ರಿ ಬಂದ. "ಏನಿದು ಅಳುವಿನ ಸಭೆ? ನಾನು ಮೊದಲೇ ಹೇಳಲಿಲ್ವಾ, ತೆಗೆಸಿಬಿಟ್ರೆ ಎಲ್ಲ ಸಲೀಸು ಅಂತ?"

ಅಂಟಜ್ಜಿ ತಿರುಗಿದಳು. ಮೂಲೆಯಲ್ಲಿ ಕಟಿಂಗ್ ಮೆಷಿನ್ನಿನ ಉದ್ದನೆಯ ಅಲಗು ಹೊಳೆಯುತ್ತಿತ್ತು. "ನಿನ್ನ ಕತ್ತರಿ ಕಾಗದಕ್ಕಿರಲಿ ಮೇಸ್ತ್ರಿ. ಕತ್ತರಿಸಿದ ಅಂಚು ಮತ್ತೆ ಬೆಳೆಯಲ್ಲ ಅಂತ ನಿಂಗೆ ಈ ಕೆಲಸ ಕಲಿಸಿದೋಳು ನಾನು. ನನ್ನದನ್ನ ಯಾರದೋ ರಜೆ ಉಳಿಸೋಕೆ ತೆಗೆದ್ರು. ಇವಳದು ಡಾಕ್ಟರು ಹೇಳಬೇಕು, ಇವಳು ಹೂಂ ಅನ್ನಬೇಕು. ನಡುವೆ ನೀನ್ಯಾವನು?" ಅನ್ನುತ್ತಾ ಅವನ ಮೇಜಿನ ಹತ್ತಿರ ನಡೆದು, ಕಕ್ಕಸಿನ ಬೀಗದಕೈಯನ್ನು ಮೊಳೆಯಿಂದ ತೆಗೆದು ತಂದು ಸೂಜಿಯ ಸ್ಟೂಲಿನ ಪಕ್ಕದ ಕಿಟಕಿಯ ಕೊಕ್ಕೆಗೆ ಹಾಕಿದಳು. ಮೇಸ್ತ್ರಿ ಕೈ ಚಾಚಿದ. ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಚಾಚಿದ ಕೈಯಿಂದ ಅವನು ತಲೆ ಕೆರೆದುಕೊಂಡ.

ಆ ಸಂಜೆ ಮನೆಯಲ್ಲಿ, ಎಷ್ಟೋ ವರ್ಷದ ಮೇಲೆ, ಅಂಟಜ್ಜಿ ಅಂಟು ಕುದಿಸಿದಳು. ಮಗ ತಂದುಕೊಟ್ಟ ಮಡಚದ ಎರಡನೇ ಫಾರಂ ಅನ್ನು ಒಲೆಯ ಮೇಲಿನ ಗೋಡೆಗೆ ಬಡಿದು ಅಂಟಿಸಿದಳು. ಟೀಯ ಪುಟ ತಲೆಕೆಳಗೇ ಬಂತು. ದಿನವೂ ಕತ್ತು ಓರೆ ಮಾಡಿ ಅದನ್ನೊಮ್ಮೆ ದುರುಗುಟ್ಟಿ ನೋಡಿ, ಆಮೇಲೆ ನಿಂಬೆಹಣ್ಣು ಕೊಯ್ಯುತ್ತಿದ್ದಳು. ಟೀ ಸಂಜೆಗೆ ಸರಿಯಿತು, ಫ್ಲಾಸ್ಕಿನಲ್ಲಿ ಈಗ ನಿಂಬೆಯ ನೀರು. ಅದೂ ಮೊದಮೊದಲು ಗಟ್ಟಿಯಾಗಿಯೇ ಬಂದು ಸೂಜಿಯ ಹಲ್ಲು ಚುಳುಗುಟ್ಟಿಸಿತು.

ಮತ್ತೆ ಪರೀಕ್ಷೆಯ ದಿನ ಬಂದಾಗ ಅಂಟಜ್ಜಿ ಬೆಂಚಿನ ಮೇಲೆ ಕೂರಲಿಲ್ಲ. ಸೂಜಿ ಹೊರಬಂದಾಗ ಗೋಡೆಗೆ ಒರಗಿ, ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಾ ನಿಂತಿದ್ದಳು.

"ರಕ್ತ ಏರಿದೆ ಅತ್ತೆ. ಪೂರ್ತಿ ಅಲ್ಲ, ಆದ್ರೂ ಚೆನ್ನಾಗಿ ಏರಿದೆ. ಸದ್ಯ ತೆಗೆಯೋ ಮಾತೇ ಬೇಡ, ಹೀಗೇ ನೋಡ್ಕೊಂಡು ಹೋಗೋಣ ಅಂದ್ರು."

"ಮತ್ತೆ ಗೆಡ್ಡೆ?"

"ಹಾಗೇ ಇದೆ. ಬೆಳೆದಿಲ್ಲ, ಕರಗಿಲ್ಲ."

ಅಂಟಜ್ಜಿ ಸುತ್ತಿದ್ದ ಸೆರಗನ್ನು ಬಿಟ್ಟಳು. "ಇರಲಿ ಬಿಡು. ಹೋಗು ಅಂದ್ರೆ ಹೋಗದ ನೆಂಟರು ಯಾವ ಮನೇಲಿ ಇಲ್ಲ? ಜಗಳ ಆಡದೆ ಇದ್ರೆ ಸಾಕು."

ಬೀದಿಯಲ್ಲಿ ಬಿಸಿಲು ಬಿದ್ದಿತ್ತು. ಇಬ್ಬರೂ ಬೇಕೆಂದೇ ನೆರಳು ಬಿಟ್ಟು ನಡೆದರು. ಮೂಲೆಯ ಟೀ ಅಂಗಡಿಯ ಮುಂದೆ ಸೂಜಿಯ ಹೆಜ್ಜೆ ನಿಧಾನವಾಯಿತು.

"ಮಾತ್ರೆ ಯಾವಾಗ ನುಂಗಿದ್ದು?" ಅಂದಳು ಅತ್ತೆ.

"ಬೆಳಿಗ್ಗೇನೇ."

"ಹಾಗಾದ್ರೆ ಮನೆಗೆ ನಡಿ. ಈ ಅಂಗಡಿ ನೀರು ಯಾರು ಕುಡೀತಾರೆ? ನಾನು ಮಾಡಿಕೊಡ್ತೀನಿ."